ಕಲಬುರಗಿಯಲ್ಲಿ ನಾಯಿಮರಿ ಮಾರುತ್ತೇನೆ. 'ಮಾರೋದೇ ತಪ್ಪು' ಅನ್ನುವವರಿಗೆ ಏನು ಹೇಳಲಿ?

ಅಂಗಡಿಕಾರ, ಸೇಡಂ ರಸ್ತೆ:

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಸೇಡಂ ರಸ್ತೆಯಲ್ಲಿ ನನ್ನದೊಂದು ಸಾಕುಪ್ರಾಣಿ ಅಂಗಡಿ ಇದೆ. ನಾಯಿ ಬೆಕ್ಕಿನ ಆಹಾರ, ಬೆಲ್ಟು, ಚೈನು, ಶಾಂಪೂ, ಮೀನಿನ ತೊಟ್ಟಿ ಮಾರುತ್ತೇನೆ. ನಾಯಿಮರಿಗಳನ್ನೂ ಮಾರುತ್ತೇನೆ. ಜಗಳ ಬಂದಿರುವುದು ಅದಕ್ಕೇ.

ಪ್ರಾಣಿದಯೆಯ ಕೆಲಸ ಮಾಡುವ ಕೆಲವು ಹುಡುಗರು ಈಚೆಗೆ ಅಂಗಡಿಗೆ ಬಂದಿದ್ದರು. ಗಿರಾಕಿಗಳ ಹಾಗೆ ರೇಟು ಕೇಳಿ, ಮರಿಗಳ ವಿಡಿಯೋ ಮಾಡಿಕೊಂಡು ಹೋದರು. ರಾತ್ರಿಯೊಳಗೆ ಅದು ಊರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. 'ಇಲ್ಲಿ ಜೀವ ಮಾರುತ್ತಾರೆ, ಈ ಅಂಗಡಿಗೆ ಹೋಗಬೇಡಿ' ಅಂತ ಬರೆದಿದ್ದರು. ಮಧ್ಯಾಹ್ನದ ಹೊತ್ತು, ಮರಿಗಳು ಮಲಗಿದ್ದವು. ಅದನ್ನೇ ತೋರಿಸಿ 'ಸೊರಗಿ ಬಿದ್ದಿವೆ' ಅಂದರು. ಎರಡು ತಿಂಗಳ ಮರಿ ದಿನದ ಮುಕ್ಕಾಲು ಪಾಲು ನಿದ್ದೆಯಲ್ಲೇ ಇರುತ್ತದೆ. ಮರಿ ಸಾಕಿದ ಯಾರನ್ನು ಕೇಳಿದರೂ ಹೇಳುತ್ತಾರೆ. ನನಗೆ ಬಹಳ ಬೇಜಾರಾಯಿತು.

ಅವರಲ್ಲಿ ಒಬ್ಬ ನಂತರ ಫೋನ್‌ನಲ್ಲಿ ನೇರವಾಗಿಯೇ ಹೇಳಿದ. 'ನೀವು ಎಷ್ಟು ಚೆನ್ನಾಗಿ ನೋಡಿಕೊಂಡರೂ ಮರಿ ಮಾರುವುದೇ ತಪ್ಪು' ಅಂತ. ಈ ಮಾತಿಗೆ ಉತ್ತರ ಹೇಳಬೇಕು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಎಂಟು ವಾರ ತುಂಬದ ಮರಿಯನ್ನು ನಾನು ಅಂಗಡಿಗೆ ತರುವುದಿಲ್ಲ. 2018ರ ಸಾಕುಪ್ರಾಣಿ ಅಂಗಡಿ ನಿಯಮ ಎಂಟು ವಾರಕ್ಕಿಂತ ಚಿಕ್ಕ ಮರಿಯನ್ನು ಮಾರಬಾರದು ಅನ್ನುತ್ತದೆ. ಆದರೆ ಮರಿ ಮಾಡಿಸುವವರು ಐದನೇ ವಾರಕ್ಕೇ ಫೋನ್ ಹಚ್ಚುತ್ತಾರೆ. 'ಅಣ್ಣಾ, ಈಗಲೇ ಒಯ್ಯಿರಿ. ಸಣ್ಣದಿದ್ದಾಗ ಮುದ್ದಾಗಿ ಕಾಣ್ತಾವೆ, ಬೇಗ ಹೋಗ್ತಾವೆ' ಅನ್ನುತ್ತಾರೆ. ಬೇಗ ಕಳಿಸಿದರೆ ಮೂರು ವಾರದ ತಿನಿಸು ಅವರಿಗೆ ಉಳಿಯುತ್ತದೆ, ಮೊದಲ ಲಸಿಕೆಯ ಖರ್ಚೂ ಉಳಿಯುತ್ತದೆ. ನಾನು ಒಲ್ಲೆ ಅನ್ನುತ್ತೇನೆ. ಒಲ್ಲೆ ಅಂದ ಮರಿಗಳು ಎಲ್ಲಿಗೆ ಹೋಗುತ್ತವೆ ಗೊತ್ತಾ? ಇನ್‌ಸ್ಟಾಗ್ರಾಂಗೆ. ಅಲ್ಲಿ ಫೋಟೋ ನೋಡಿ ಹಣ ಹಾಕಿದರೆ ಮುಗಿಯಿತು. ಹೈದರಾಬಾದ್‌ನಿಂದಲೋ ಸೊಲ್ಲಾಪುರದಿಂದಲೋ ರಾತ್ರಿ ಬಸ್ಸಿನಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಮರಿ ಬರುತ್ತದೆ. ಡ್ರೈವರ್ ಕೈಗೆ ಇಷ್ಟು ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು. ಮಾರಿದವನ ಮುಖ ಯಾರೂ ನೋಡಿರುವುದಿಲ್ಲ.

ನನ್ನ ಅಂಗಡಿಗೆ ಬೋರ್ಡ್ ಇದೆ. ನೋಂದಣಿ ಪತ್ರ ಗೋಡೆಯ ಮೇಲೆ ತೂಗುಹಾಕಿದೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಗೆ 5000 ರೂಪಾಯಿ ಕಟ್ಟಿದರೆ ಐದು ವರ್ಷಕ್ಕೆ ಸಿಗುತ್ತದೆ. ಯಾವ ಮರಿ ಯಾರ ಹತ್ತಿರದಿಂದ ಬಂತು, ಯಾರಿಗೆ ಹೋಯಿತು, ವಿಳಾಸ, ಲಸಿಕೆ, ಎಲ್ಲ ರಿಜಿಸ್ಟರಿನಲ್ಲಿದೆ. ಮರಿಗೆ ಹುಷಾರಿಲ್ಲದಿದ್ದರೆ ಬಂದು ನನ್ನ ಎದುರಿಗೆ ನಿಂತು ಜಗಳ ಮಾಡಬಹುದು. ಮಾಡಿದವರೂ ಇದ್ದಾರೆ. ಬಾಗಿಲು ತೆರೆದು ಕೂತವನನ್ನು ಹಿಡಿಯುವುದು ಸುಲಭ ಅಂತ ನನ್ನನ್ನೇ ಹಿಡಿದರೆ, ಬಾಗಿಲೇ ಇಲ್ಲದವರು ಆರಾಮಾಗಿ ಇರುತ್ತಾರೆ. ನನ್ನ ವಾದದಲ್ಲಿ ಮುಖ್ಯವಾದದ್ದು ಇದೇ.

ನಮ್ಮೂರಿನ ಬೇಸಿಗೆ ನಿಮಗೆ ಗೊತ್ತಲ್ಲ. ಮೇ ತಿಂಗಳಲ್ಲಿ 43 ಡಿಗ್ರಿ ಅಂದರೆ ನಮಗೆ ಸಾಧಾರಣ ಮಾತು. ಮರಿಗಳ ಕೋಣೆಗೆ ಕೂಲರ್ ಇದೆ, ಕರೆಂಟ್ ಹೋದರೆ ಇನ್ವರ್ಟರ್ ಇದೆ. ಹಸ್ಕಿ, ಸೇಂಟ್ ಬರ್ನಾರ್ಡ್ ಕೇಳಿಕೊಂಡು ಜಾಸ್ತಿ ಮಂದಿ ಬರುತ್ತಾರೆ. ಲಾಭವೂ ಅದರಲ್ಲೇ ಜಾಸ್ತಿ. ನಾನು ತರುವುದಿಲ್ಲ. ಎರಡೂ ಹಿಮದ ನಾಡಿನ ನಾಯಿಗಳು. ಮೈತುಂಬ ಎರಡು ಪದರ ಕೂದಲು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿ ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಹಗಲಿಡೀ ಎಸಿ ಹಾಕುವ ಮನೆಗಳು ಇಲ್ಲಿ ಎಷ್ಟಿವೆ? ಪಗ್ ಕೇಳಿದವರಿಗೂ ಮೊದಲೇ ಹೇಳುತ್ತೇನೆ, ಅದರ ಚಪ್ಪಟೆ ಮೂಗಿಗೆ ಉಸಿರಾಟವೇ ಕಷ್ಟ, ಬಿಸಿಲಿಗೆ ಇನ್ನೂ ಕಷ್ಟ ಅಂತ. ಗಿಳಿ ಕೇಳುವವರೂ ಬರುತ್ತಾರೆ. ನಮ್ಮ ದೇಶದ ಗಿಳಿ ಮಾರುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅಂತ ಹೇಳಿ ಕಳಿಸುತ್ತೇನೆ. ಈ ಮಾತೆಲ್ಲ ಆನ್‌ಲೈನಿನಲ್ಲಿ ಮಾರುವವನು ಹೇಳುತ್ತಾನಾ?

ಇನ್ನು ದುಡ್ಡಿನ ಮಾತು. ಖರೇ ಹೇಳಬೇಕಂದ್ರೆ ಮರಿ ಮಾರಿದ್ದರಲ್ಲಿ ಉಳಿಯುವುದು ಕಡಿಮೆ. ಅಂಗಡಿ ನಡೆಯುವುದು ಆಹಾರದ ಚೀಲಗಳಿಂದ. ಆದರೆ ನನ್ನ ಹತ್ತಿರ ಮರಿ ಒಯ್ದವರು ಹತ್ತು ವರ್ಷ ನನ್ನ ಹತ್ತಿರವೇ ಆಹಾರ ಒಯ್ಯುತ್ತಾರೆ. ಉಗುರು ಕತ್ತರಿಸಿಕೊಡಿ ಅಂತ ಬರುತ್ತಾರೆ, ಉಣ್ಣಿ ಬಿದ್ದಿದೆ ಅಂತ ಬರುತ್ತಾರೆ. ಮರಿಯೇ ಇಲ್ಲದಿದ್ದರೆ ಆ ಸಂಬಂಧ ಶುರುವಾಗುವುದಿಲ್ಲ. ಬೆಲೆ ಹತ್ತು ರೂಪಾಯಿ ಕಡಿಮೆ ಅಂತ ಮೊಬೈಲಿನಲ್ಲಿ ಚೀಲ ತರಿಸಿಕೊಳ್ಳುತ್ತಾರೆ.

ಬೀದಿ ಮರಿಗಳನ್ನು ಸಾಕಿರಿ ಅನ್ನುವ ಮಾತಿಗೆ ನನ್ನ ವಿರೋಧವಿಲ್ಲ. ಅಂಗಡಿಯ ಗಾಜಿನ ಮೇಲೆ ಅಂಥ ಮರಿಗಳ ಫೋಟೋ ಅಂಟಿಸಲು ನಾನೇ ಜಾಗ ಕೊಟ್ಟಿದ್ದೇನೆ. ಆದರೆ ಒಬ್ಬರು ಲ್ಯಾಬ್ (ಲ್ಯಾಬ್ರಡಾರ್ ತಳಿ) ಸಾಕಬೇಕು ಅಂತ ಆಸೆಪಟ್ಟರೆ ಅದು ಪಾಪ ಆಗುತ್ತದಾ? ನಿಯಮ ಪಾಲಿಸಿ ಮಾರುವವನು, ಪಾಲಿಸದವನು, ಇಬ್ಬರೂ ಒಂದೇ ಅನ್ನುವುದು ನ್ಯಾಯವಾ? ನೀವೇ ಹೇಳಿ.

ಬೀದಿನಾಯಿ ಗೆಳತಿ, ಕಲಬುರಗಿ:

ಅಣ್ಣ, ಆ ವಿಡಿಯೋ ತೆಗೆದವಳು ನಾನಲ್ಲ. ಮಲಗಿದ ಮರಿಯನ್ನು ಸೊರಗಿದೆ ಅಂತ ತೋರಿಸಿದ್ದು ಸರಿಯಲ್ಲ, ಅದನ್ನು ನಮ್ಮ ಗುಂಪಿನಲ್ಲೂ ಹೇಳಿದ್ದೇನೆ. ಆದರೆ ನಾನೂ ಅಂಗಡಿಯಲ್ಲಿ ಮರಿ ಮಾರುವುದು ನಿಲ್ಲಬೇಕು ಅನ್ನುವವಳೇ. ಯಾಕೆ ಅಂತ ಹೇಳುತ್ತೇನೆ.

ನೀವು ಕೂಲರ್ ಬಗ್ಗೆ ಹೇಳಿದಿರಿ, ರಿಜಿಸ್ಟರ್ ಬಗ್ಗೆ ಹೇಳಿದಿರಿ. ಇಷ್ಟುದ್ದ ಬರಹದಲ್ಲಿ ಮರಿಯ ತಾಯಿಯ ಬಗ್ಗೆ ಒಂದು ಮಾತೂ ಇಲ್ಲ. ಅಂಗಡಿಗೆ ಬರುವ ಗಿರಾಕಿಗೆ ಕಾಣುವುದು ಗಾಜಿನ ಹಿಂದಿನ ಮರಿ ಮಾತ್ರ. ಅದರ ತಾಯಿ ಎಲ್ಲೋ ಒಂದು ತಗಡಿನ ಶೆಡ್ಡಿನಲ್ಲಿ, ಕಬ್ಬಿಣದ ಜಾಲರಿ ಮೇಲೆ ನಿಂತಿರಬಹುದು. ಕಳೆದ ಚಳಿಗಾಲದಲ್ಲಿ ರಿಂಗ್ ರೋಡ್ ಪಕ್ಕದಲ್ಲಿ ನಮಗೊಂದು ಹೆಣ್ಣು ಲ್ಯಾಬ್ ಸಿಕ್ಕಿತು. ಮೊಲೆಗಳು ನೆಲಕ್ಕೆ ತಾಗುವಷ್ಟು ಜೋತುಬಿದ್ದಿದ್ದವು. ಮೊಣಕೈ ಚರ್ಮ ಒರಟಾಗಿ ಕೂದಲೇ ಇರಲಿಲ್ಲ. ಮೆಟ್ಟಿಲು ಹತ್ತುವುದು ಗೊತ್ತಿರಲಿಲ್ಲ ಅದಕ್ಕೆ. ಹುಲ್ಲಿನ ಮೇಲೆ ಬಿಟ್ಟರೆ ಹೆದರಿ ಕಾಲು ಎತ್ತಿ ಎತ್ತಿ ಇಡುತ್ತಿತ್ತು. ಮರಿ ಹಾಕಿ ಹಾಕಿ ಸಾಕಾದ ಮೇಲೆ ಯಾರೋ ಕಾರಿನಲ್ಲಿ ತಂದು ಬಿಟ್ಟು ಹೋಗಿದ್ದಾರೆ. ಅದರ ಮರಿಗಳೆಲ್ಲ ಚಂದದ ಮನೆಗಳಲ್ಲೇ ಇರಬಹುದು. ಒಯ್ದವರೂ ಒಳ್ಳೆಯವರೇ ಇರಬಹುದು. ಯಾರಿಗೂ ಈ ತಾಯಿ ಕಾಣಲಿಲ್ಲ.

2017ರ ನಾಯಿ ತಳಿ ಸಾಕಣೆ ನಿಯಮದಲ್ಲಿ ಎಲ್ಲ ಇದೆ. 18 ತಿಂಗಳು ತುಂಬದ ಹೆಣ್ಣು ನಾಯಿಗೆ ಮರಿ ಮಾಡಿಸಬಾರದು. 8 ವರ್ಷ ದಾಟಿದ ಮೇಲೆ ಮಾಡಿಸಬಾರದು. ಇಡೀ ಜೀವನದಲ್ಲಿ ಐದು ಸೂಲು ದಾಟಬಾರದು. ಮರಿ ಮಾಡಿಸುವವರೂ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ನಿಮ್ಮ ಗೋಡೆಯ ಮೇಲೆ ನಿಮ್ಮ ಪತ್ರ ಇದೆ, ಸರಿ. ನಿಮಗೆ ಮರಿ ಕೊಡುವವರ ಪತ್ರ ಎಲ್ಲಿದೆ?

ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಆರು ತಿಂಗಳೊಳಗಿನ ಮರಿಯನ್ನು ಅಂಗಡಿಯವರು ಮಾರುವ ಹಾಗಿಲ್ಲ. ಸಾಕಿದವರ ಮನೆಗೇ ಹೋಗಬೇಕು, ತಾಯಿಯ ಜೊತೆಯಲ್ಲೇ ಮರಿಯನ್ನು ನೋಡಬೇಕು. ಫ್ರಾನ್ಸಿನಲ್ಲಿ 2024ರ ಜನವರಿಯಿಂದ ಅಂಗಡಿಯಲ್ಲಿ ನಾಯಿ, ಬೆಕ್ಕು ಮಾರುವುದೇ ನಿಂತಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2019ರಿಂದಲೇ ಇಂಥ ಕಾನೂನು ಇದೆ. ಅಲ್ಲಿಯ ಅಂಗಡಿಯವರೂ ನಿಮ್ಮ ಹಾಗೆಯೇ 'ವ್ಯಾಪಾರ ಕತ್ತಲೆಗೆ ಹೋಗುತ್ತದೆ' ಅಂತ ವಾದ ಮಾಡಿದ್ದರು. ಆದರೂ ಕಾನೂನು ಬಂತು. ಇಂಗ್ಲೆಂಡಿನ ಕಾನೂನಿನಲ್ಲಂತೂ ತಾಯಿ ಕಾಣಬೇಕು ಅನ್ನುವುದೇ ಮುಖ್ಯ.

ಭೀಮಾ ದಂಡೆ, ಯಾದಗಿರಿ:

ನಾನು ಅಂಗಡಿಯವರ ಪರ. ನಮ್ಮೂರಿನಲ್ಲಿ ಇಂಥ ಅಂಗಡಿ ಇರಲಿಲ್ಲ. ಮಗಳು ಹಟ ಮಾಡಿದಳು ಅಂತ ಫೋಟೋ ನೋಡಿ, ದೂರದ ಊರಿನ ಒಬ್ಬರಿಗೆ ಹಣ ಕಳಿಸಿ ಲ್ಯಾಬ್ ಮರಿ ತರಿಸಿದೆವು. ನಸುಕಿನಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಪೆಟ್ಟಿಗೆ ಬಿಚ್ಚಿದರೆ ಮರಿ ಉಚ್ಚೆಯಲ್ಲಿ ನೆನೆದು ನಡುಗುತ್ತಿತ್ತು. ಲಸಿಕೆ ಪುಸ್ತಕ ಇತ್ತು. ಅದರಲ್ಲಿ ತಾರೀಖು ಪೆನ್ನಿನಲ್ಲಿ ಬರೆದಿತ್ತು, ಲಸಿಕೆ ಸೀಸೆಯ ಸ್ಟಿಕ್ಕರ್ ಇರಲಿಲ್ಲ. ಸ್ಟಿಕ್ಕರ್ ಇರಬೇಕು ಅಂತ ಡಾಕ್ಟರ್ ಹೇಳಿದ ಮೇಲೆಯೇ ನಮಗೆ ಗೊತ್ತಾಗಿದ್ದು. ನಾಲ್ಕನೇ ದಿನ ವಾಂತಿ, ಆಮೇಲೆ ರಕ್ತದ ಭೇದಿ. ಪಾರ್ವೋ ಅಂದರು, ಮರಿಗಳಿಗೆ ಬರುವ ವೈರಸ್ ರೋಗವಂತೆ. ಸಲೈನ್ ಹಚ್ಚಿದರು, ಉಳಿಯಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ ನಂಬರ್ ಬ್ಲಾಕ್. ಯಾರನ್ನು ಕೇಳೋಣ? ಯಾವ ಊರು, ಯಾವ ಓಣಿ ಅನ್ನುವುದೂ ಗೊತ್ತಿಲ್ಲ. ಅಕ್ಕನವರೇ, ನಿಮ್ಮ ಸಿಟ್ಟು ಅಂಥವರ ಮೇಲೆ ಇರಲಿ.

ಅಂಗಡಿಯವರೇ, ನಿಮ್ಮಲ್ಲಿ ಲ್ಯಾಬ್ ಮರಿ ಇದೆಯಾ? ಮಗಳು ಇನ್ನೂ ಕೇಳುತ್ತಿದ್ದಾಳೆ.

ಪಶುವೈದ್ಯ, ಬೀದರ್:

ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯ ಇರುವುದರಿಂದ ಕಲಬುರಗಿ, ಹುಮನಾಬಾದ್ ಕಡೆಯಿಂದಲೂ ಜನ ನಾಯಿಗಳನ್ನು ಇಲ್ಲಿಗೆ ತರುತ್ತಾರೆ. ನಾನು ನೋಡಿದ್ದನ್ನು ಹೇಳುತ್ತೇನೆ.

ಎಂಟು ವಾರದ ನಿಯಮ ಸುಮ್ನೆ ಮಾಡಿದ್ದಲ್ಲ. ಐದರಿಂದ ಎಂಟನೇ ವಾರದ ನಡುವೆ ಮರಿ ತನ್ನ ಅಣ್ಣತಮ್ಮಂದಿರ ಜೊತೆ ಕಚ್ಚಾಡಿ, ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅಂತ ಕಲಿಯುತ್ತದೆ. ಮೊದಲೇ ಬೇರೆ ಮಾಡಿದ ಮರಿಗಳು ಮುಂದೆ ಮಕ್ಕಳ ಕೈ ಕಚ್ಚುವುದು, ಸದ್ದಿಗೆ ಬೆದರುವುದು ಜಾಸ್ತಿ. ವಯಸ್ಸಿನಲ್ಲಿ ಸುಳ್ಳು ಹೇಳಿದರೆ ಬಾಯಿ ತೆರೆದು ನೋಡಿ. ಎಂಟು ವಾರದ ಹೊತ್ತಿಗೆ 28 ಹಾಲುಹಲ್ಲುಗಳೂ ಬಂದಿರುತ್ತವೆ. ದವಡೆಯ ಹಿಂಭಾಗ ಬೋಳಾಗಿದ್ದರೆ ಮರಿ ಇನ್ನೂ ಚಿಕ್ಕದು.

ಪಾರ್ವೋ ವೈರಸ್ ಮೈಗೆ ಹೊಕ್ಕು ಸಾಮಾನ್ಯವಾಗಿ ಮೂರರಿಂದ ಏಳು ದಿನಕ್ಕೆ ರೋಗ ಕಾಣುತ್ತದೆ. ಹಾಗಾಗಿ ಮಾರುವ ದಿನ ಮರಿ ಕುಣಿದಾಡುತ್ತಿರುತ್ತದೆ, ಮನೆಗೆ ಹೋದ ಮೇಲೆ ಬೀಳುತ್ತದೆ. ಹಿಂದಿನ ದಿನ ಹಾಕಿದ ಲಸಿಕೆ ಆಗ ಕಾಪಾಡುವುದಿಲ್ಲ. ಒಂದೇ ಲಸಿಕೆ ಸಾಲುವುದೂ ಇಲ್ಲ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಇನ್ನೂ ಮೈಯಲ್ಲಿದ್ದರೆ ಅದು ಲಸಿಕೆಯನ್ನೇ ತಡೆದುಬಿಡುತ್ತದೆ. ಅದಕ್ಕೇ ಆರರಿಂದ ಎಂಟನೇ ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರನೇ ವಾರದ ತನಕ ಹಾಕಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ನಮ್ಮ ಬೇಸಿಗೆಯಲ್ಲಿ ಬ್ಯಾಗಿನಲ್ಲಿಟ್ಟು ತಂದ ಸೀಸೆಯಿಂದ ಏನೂ ಪ್ರಯೋಜನವಿಲ್ಲ.

ಈಗ ಅಂಗಡಿಯವರಿಗೆ ಒಂದು ಮಾತು. ನಿಮ್ಮ ಕೂಲರ್, ರಿಜಿಸ್ಟರ್ ಎಲ್ಲ ಸರಿ. ಅಂಗಡಿಯಲ್ಲಿ ನಿಜವಾದ ಅಪಾಯ ಬೇರೆ ಬೇರೆ ಕಡೆಯ ಮರಿಗಳನ್ನು ಒಂದೇ ಕಡೆ ಕೂಡಿಸುವುದು. ಹೈದರಾಬಾದಿನ ಮರಿ, ಪುಣೆಯ ಮರಿ ಒಂದೇ ಪಂಜರದಲ್ಲಿ ಇದ್ದರೆ ಒಂದರ ರೋಗ ಎಲ್ಲಕ್ಕೂ. ಒಂದು ಸೂಲಿನ ಮರಿಗಳನ್ನು ಇನ್ನೊಂದರ ಜೊತೆ ಸೇರಿಸಬೇಡಿ. ಹೊಸದಾಗಿ ಬಂದವನ್ನು ಎರಡು ವಾರ ಬೇರೆಯೇ ಇಡಿ, ಪಾತ್ರೆ ಬೇರೆ, ನೋಡಿಕೊಳ್ಳುವವರ ಚಪ್ಪಲಿಯೂ ಬೇರೆ. ಫಿನಾಯಿಲ್‌ಗೆ ಪಾರ್ವೋ ಬಗ್ಗುತ್ತದೆ ಅಂತ ನಂಬಬೇಡಿ. ನೆಲವನ್ನು ಮೊದಲು ಸೋಪಿನಲ್ಲಿ ತೊಳೆದು, ಒಂದು ಪಾಲು ಬ್ಲೀಚ್‌ಗೆ ಮೂವತ್ತು ಪಾಲು ನೀರು ಬೆರೆಸಿ ಹಾಕಿ, ಹತ್ತು ನಿಮಿಷ ಬಿಡಿ.

ಇನ್ನೊಂದು. ಕೆನಲ್ ಕ್ಲಬ್ಬಿನ ಕಾಗದ ಇದ್ದರೆ ಮರಿ ಆರೋಗ್ಯವಾಗಿದೆ ಅಂತ ಜನ ತಿಳಿದುಕೊಂಡಿದ್ದಾರೆ. ಅದು ವಂಶದ ದಾಖಲೆ ಅಷ್ಟೇ.

ಬೇಟೆನಾಯಿ ಅಭಿಮಾನಿ:

ಲ್ಯಾಬ್, ಹಸ್ಕಿ ಅಂತ ಯಾಕೆ ಬಡಿದಾಡುತ್ತೀರಿ? ನಮ್ಮ ಮುಧೋಳ ನಾಯಿ ಇಲ್ಲವಾ? ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ವಿಶ್ವವಿದ್ಯಾಲಯದ್ದೇ ಶ್ವಾನ ಸಂಶೋಧನಾ ಕೇಂದ್ರ ಇದೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ತಳಿ ಅದು. ಬಿಸಿಲು ತಡೆಯುತ್ತದೆ, ಕೂದಲು ಕಡಿಮೆ, ಜೋಳದ ರೊಟ್ಟಿ ತಿಂದು ಬೆಳೆದ ನಾಯಿ. ಆದರೆ ಓಡಲು ಹೊಲ ಇರುವವರು ಮಾತ್ರ ತನ್ನಿ. ಎರಡು ಕೋಣೆಯ ಮನೆಯಲ್ಲಿ ಕಟ್ಟಿಹಾಕಿದರೆ ಅದಕ್ಕೂ ಹಿಂಸೆಯೇ.

ಅಂಗಡಿಕಾರ, ಸೇಡಂ ರಸ್ತೆ:

ಎಲ್ಲರ ಉತ್ತರವನ್ನೂ ಸಮಾಧಾನದಿಂದ ಓದಿದೆ.

ತಂಗಿ, ತಾಯಿಯ ಮಾತು ನೀವು ಎತ್ತಿದ್ದು ಒಳ್ಳೆಯದಾಯಿತು. ನಾನು ಮರಿ ತರುವ ಮನೆಗಳಿಗೆ ಹೋಗಿದ್ದೇನೆ, ತಾಯಿ ನಾಯಿಗಳನ್ನು ನೋಡಿದ್ದೇನೆ. ಅಂಗಳದಲ್ಲಿ ಬಿಟ್ಟು ಸಾಕಿದವರ ಹತ್ತಿರ ಮಾತ್ರ ತರುತ್ತೇನೆ. ಆದರೆ ನಾನು ನೋಡಿದ್ದು ಗಿರಾಕಿಗೆ ಕಾಣುವುದಿಲ್ಲ ಅನ್ನುವುದು ಖರೇ. ಇನ್ನು ಮುಂದೆ ಪ್ರತಿ ಸೂಲಿನ ಜೊತೆ ತಾಯಿಯ ಫೋಟೋ, ಅದರ ವಯಸ್ಸು, ಎಷ್ಟನೇ ಸೂಲು, ಸಾಕಿದವರ ನೋಂದಣಿ ಸಂಖ್ಯೆ, ಇಷ್ಟನ್ನೂ ಪಂಜರದ ಮೇಲೇ ಬರೆದು ಹಾಕುತ್ತೇನೆ. ಈ ಮಾತು ಹೇಳಿದಾಗ ಮರಿ ಕೊಡುವವರಲ್ಲಿ ಒಬ್ಬರು ಕೂಡಲೇ ಒಪ್ಪಿದರು. ಇನ್ನೊಬ್ಬರು 'ನಿಮಗೆ ಯಾಕೆ ಅಷ್ಟೆಲ್ಲ ಉಸಾಬರಿ' ಅಂದು ಫೋನ್ ಇಟ್ಟರು. ಅವರ ಹತ್ತಿರ ಇನ್ನು ತರುವುದಿಲ್ಲ.

ಆದರೆ ಮಾರುವುದನ್ನೇ ನಿಲ್ಲಿಸು ಅಂದರೆ ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ ಸಾಕಿದವರ ಮನೆಗೆ ಹೋಗಿ ನೋಡಿ ಅನ್ನಬಹುದು. ಯಾದಗಿರಿಯ ಅಣ್ಣ ಮಗಳನ್ನು ಕರೆದುಕೊಂಡು ಪುಣೆಗೆ ಹೋಗಿ ತಾಯಿ ನಾಯಿ ನೋಡಿ ಬರಬೇಕಾ? ಹೋಗುವುದಿಲ್ಲ. ಮತ್ತೆ ಫೋನಿನಲ್ಲಿ ಫೋಟೋ ನೋಡಿ ಹಣ ಹಾಕುತ್ತಾರೆ. ಇಲ್ಲಿ ಆಗುವುದು ಅದೇ.

ತಡೆ, ನಿಷೇಧ ಅಂದ ತಕ್ಷಣ ಏನಾಗುತ್ತದೆ ಅಂತ 2024ರ ಮಾರ್ಚ್‌ನಲ್ಲಿ ನೋಡಿದ್ದೇನೆ. ರಾಟ್‌ವೀಲರ್, ಪಿಟ್‌ಬುಲ್ ಸೇರಿ 23 ತಳಿಗಳ ಮಾರಾಟ, ಮರಿ ಮಾಡಿಸುವುದು ನಿಲ್ಲಿಸಿ ಅಂತ ಕೇಂದ್ರದ ಸುತ್ತೋಲೆ ಬಂದ ವಾರ, ವರ್ಷಗಟ್ಟಲೆ ಸಾಕಿದವರೂ ಹೆದರಿ 'ಇದನ್ನು ಎಲ್ಲಾದರೂ ಬಿಡಲಾ' ಅಂತ ನನಗೆ ಫೋನ್ ಮಾಡಿದರು. ಬೇಡ, ತಡೆಯಿರಿ ಅಂತ ಹೇಳಿ ಹೇಳಿ ಸಾಕಾಯಿತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಅಷ್ಟರಲ್ಲಿ ಯಾವ ಯಾವ ನಾಯಿ ಯಾವ ರಸ್ತೆ ಪಾಲಾಯಿತೋ.

ಡಾಕ್ಟರ್ ಸಾಹೇಬರೇ, ಬ್ಲೀಚ್ ಲೆಕ್ಕ ಬರೆದು ಗೋಡೆಗೆ ಅಂಟಿಸಿದ್ದೇನೆ. ಒಂದು ಸಲಕ್ಕೆ ಒಂದೇ ಸೂಲಿನ ಮರಿಗಳನ್ನು ತರುವುದು ಅಂತಲೂ ತೀರ್ಮಾನ ಮಾಡಿದೆ. ಮಳಿಗೆ ಚಿಕ್ಕದು, ಎರಡು ಕೋಣೆ ಮಾಡುವಷ್ಟು ಜಾಗವಿಲ್ಲ. ವ್ಯಾಪಾರ ಕಡಿಮೆ ಆಗುತ್ತದೆ, ಆಗಲಿ.

ಬೀದಿನಾಯಿ ಗೆಳತಿ, ಕಲಬುರಗಿ:

ಪಂಜರದ ಮೇಲೆ ತಾಯಿಯ ವಿವರ ಬರೆಯುವುದು ಒಳ್ಳೆಯದು. ಆದರೂ ನನ್ನ ಮನಸ್ಸು ಬದಲಾಗಿಲ್ಲ ಅಣ್ಣ. ಫೋಟೋ ಯಾರ ನಾಯಿಯದ್ದು ಬೇಕಾದರೂ ಅಂಟಿಸಬಹುದು. ನೀವು ಅಂಟಿಸುವುದಿಲ್ಲ, ನಿಮ್ಮನ್ನು ನೋಡಿ ಕಲಿತವರು ಅಂಟಿಸುತ್ತಾರೆ. ಮುಂದಿನ ಸಲ ಮರಿ ತರಲು ಹೋಗುವಾಗ ನಮ್ಮಲ್ಲಿ ಇಬ್ಬರನ್ನು ಕರೆದುಕೊಂಡು ಹೋಗಿ. ನೋಡಿದ್ದನ್ನು ನೋಡಿದ ಹಾಗೆಯೇ ಬರೆಯುತ್ತೇವೆ, ಒಳ್ಳೆಯದಿದ್ದರೂ ಕೆಟ್ಟದ್ದಿದ್ದರೂ. ರಿಂಗ್ ರೋಡಿನಲ್ಲಿ ಸಿಕ್ಕ ಆ ಲ್ಯಾಬ್‌ಗೆ ಇನ್ನೂ ಮನೆ ಸಿಕ್ಕಿಲ್ಲ. ಅದರ ಫೋಟೋ ನಿಮ್ಮ ಗಾಜಿನ ಮೇಲೆ ಹಾಕುತ್ತೀರಾ?

ಅಂಗಡಿಕಾರ, ಸೇಡಂ ರಸ್ತೆ:

ಬನ್ನಿ, ಜೊತೆಗೇ ಹೋಗೋಣ. ಲ್ಯಾಬ್ ಫೋಟೋ ಇವತ್ತೇ ಕಳಿಸಿ. ಅದಕ್ಕೆ ಈಗ ಎಷ್ಟು ವಯಸ್ಸಿರಬಹುದು, ಮರಿ ಆಗದ ಹಾಗೆ ಆಪರೇಷನ್ ಆಗಿದೆಯಾ, ಮಕ್ಕಳ ಜೊತೆ ಹೇಗಿರುತ್ತದೆ, ಇಷ್ಟು ಬರೆದು ಕಳಿಸಿ. ಕೇಳುವವರು ಮೊದಲು ಕೇಳುವುದು ಅದನ್ನೇ.

ಯಾದಗಿರಿಯ ಅಣ್ಣನವರೇ, ನಿಮಗೆ ಸದ್ಯ ಮರಿ ಕೊಡುವುದಿಲ್ಲ, ಬೇಜಾರಾಗಬೇಡಿ. ಪಾರ್ವೋ ಬಂದ ಮನೆಯ ನೆಲದಲ್ಲಿ, ಅಂಗಳದ ಮಣ್ಣಿನಲ್ಲಿ ಆ ವೈರಸ್ ಒಂದು ವರ್ಷದವರೆಗೂ ಉಳಿಯಬಹುದು. ಹೊಸ ಎಳೆ ಮರಿ ತಂದರೆ ಅದಕ್ಕೂ ಅದೇ ಗತಿ. ಹಳೆಯ ಬಟ್ಟೆ, ಬೋಗುಣಿ, ಬೆಲ್ಟು ಎಲ್ಲ ಸುಟ್ಟುಹಾಕಿ. ಡಾಕ್ಟರ್ ಹೇಳಿದ ಲೆಕ್ಕದಲ್ಲಿ ಮನೆಯೊಳಗಿನ ನೆಲ ತೊಳೆಯಿರಿ. ಆಮೇಲೆ ತರುವುದಾದರೂ ಎಲ್ಲ ಲಸಿಕೆ ಮುಗಿದ, ಬೆಳೆದ ನಾಯಿಯನ್ನೇ ತನ್ನಿ. ನಿಮ್ಮ ಮಗಳು ಒಪ್ಪುವುದಾದರೆ ತಂಗಿಯ ಹತ್ತಿರ ಇರುವ ಆ ದೊಡ್ಡ ಲ್ಯಾಬ್ ನೋಡಲು ಒಮ್ಮೆ ಕಲಬುರಗಿಗೆ ಕರೆದುಕೊಂಡು ಬನ್ನಿ. ಭಾನುವಾರವೂ ಅಂಗಡಿ ತೆರೆದಿರುತ್ತದೆ.